ಕ್ರಿಯಾಪದದ ಬೆನ್ನಿಗೆ ಬರುವ ಅಪ್, ಆನ್, ಆಫ್

ಇಂಗ್ಲಿಷಿನ ಪುಟ್, ಟೇಕ್, ಗೋ, ಗಿವ್ ಒಂಟಿಯಾಗಿ ಬಂದಾಗ ಯಾರನ್ನೂ ಕಾಡುವುದಿಲ್ಲ. ಬೆನ್ನಿಗೆ ಅಪ್, ಆನ್, ಆಫ್, ಔಟ್ ಸೇರಿದೊಡನೆ ಅರ್ಥ ಬೇರೆ ದಾರಿ ಹಿಡಿಯುತ್ತದೆ. ಪುಟ್ ಎಂದರೆ ಇಡು. ಪುಟ್ ಆನ್ ತೊಡುವುದು, ಪುಟ್ ಆಫ್ ಮುಂದೂಡುವುದು, ಪುಟ್ ಔಟ್ ಬೆಂಕಿ ಆರಿಸುವುದು. ಇಂಥ ಜೋಡಿಗಳಿಗೆ ಫ್ರೇಸಲ್ ವರ್ಬ್ ಎಂಬ ಹೆಸರು ರೂಢಿಗೆ ಬಂದದ್ದು ಲೋಗನ್ ಪಿಯರ್ಸಲ್ ಸ್ಮಿತ್ 1925ರಲ್ಲಿ ಪ್ರಕಟಿಸಿದ ‘ವರ್ಡ್ಸ್ ಅಂಡ್ ಈಡಿಯಮ್ಸ್’ ಪುಸ್ತಕದಿಂದ. ತೊಡಕು ಅದಕ್ಕಿಂತ ಬಹಳ ಹಳೆಯದು. ಇವು ಪರಭಾಷಿಕರಿಗೆ ತುಂಬ ಕಷ್ಟ ಕೊಡುತ್ತವೆಂದು ಸ್ಯಾಮ್ಯುಯೆಲ್ ಜಾನ್ಸನ್ ತನ್ನ 1755ರ ನಿಘಂಟಿನ ಮುನ್ನುಡಿಯಲ್ಲೇ ಬರೆದಿದ್ದಾನೆ.

ಸ್ಪರ್ಧಾತ್ಮಕ ಪರೀಕ್ಷೆಯ ಗೈಡುಗಳು ಇವನ್ನು ಕ್ರಿಯಾಪದದ ಅಕಾರಾದಿಯಲ್ಲಿ ಕೊಡುತ್ತವೆ. ಗೆಟ್ ಒಂದಕ್ಕೇ ಒಂದು ಪುಟ, ಟೇಕ್‌ಗೆ ಇನ್ನೊಂದು ಪುಟ. ಬಾಯಿಪಾಠ ಮಾಡಿದವರಿಗೆ ಮರುದಿನ ಗೆಟ್ ಆಫ್, ಗೆಟ್ ಓವರ್, ಗೆಟ್ ಬೈ ಎಲ್ಲವೂ ಕಲಸಿಹೋಗುತ್ತವೆ. ಇನ್ನೊಂದು ಕ್ರಮವಿದೆ: ಹಿಂದೆ ಬರುವ ಪುಟ್ಟ ಪದ ಯಾವುದು ಎಂಬುದರ ಮೇಲೆ ಗುಂಪು ಮಾಡುವುದು. 1989ರಲ್ಲಿ ಬಂದ ಕಾಲಿನ್ಸ್ ಕೋಬಿಲ್ಡ್ ಫ್ರೇಸಲ್ ವರ್ಬ್ ನಿಘಂಟು ಕೊನೆಯಲ್ಲಿ ಇಂಥದೇ ಒಂದು ಸೂಚಿಯನ್ನು ಕೊಟ್ಟಿದೆ. ಗಿಲ್ಲೆಸುಗೂರಿನಂಥ ಊರಿನ ವಿದ್ಯಾರ್ಥಿಗೆ ಈ ಎರಡನೆಯ ಕ್ರಮವೇ ಒಗ್ಗುತ್ತದೆ. ಏಕೆಂದರೆ ಅದರ ಅರ್ಧ ಪಾಠ ಮನೆಮಾತಿನಲ್ಲೇ ಆಗಿದೆ.

ಗಿಲ್ಲೆಸುಗೂರು ರಾಯಚೂರು ತಾಲ್ಲೂಕಿನ ಹೋಬಳಿ. ತುಂಗಭದ್ರೆ ದಾಟಿದರೆ ಆಂಧ್ರದ ಮಂತ್ರಾಲಯ. 1948ರವರೆಗೆ ಈ ಸೀಮೆ ನಿಜಾಮನ ಆಳ್ವಿಕೆಯಲ್ಲಿತ್ತು. ಹೀಗಾಗಿ ಕನ್ನಡ, ತೆಲುಗು, ಉರ್ದು ಮೂರೂ ಇಲ್ಲಿನ ಕಿವಿಗೆ ಪರಿಚಿತ. ಈ ಮೂರಕ್ಕೂ ಒಂದು ಸಮಾನ ಗುಣವಿದೆ. ಕ್ರಿಯಾಪದದ ಹಿಂದೆ ಇನ್ನೊಂದು ಪುಟ್ಟ ಕ್ರಿಯಾಪದ ಸೇರಿ ಕೆಲಸ ಪೂರ್ತಿಯಾಯಿತೇ, ಮುಂದುವರಿಯುತ್ತಿದೆಯೇ, ಕೈತಪ್ಪಿ ಆಯಿತೇ ಎಂಬುದನ್ನು ಹೇಳುತ್ತದೆ. ತಿನ್ನು ಬೇರೆ, ತಿಂದುಬಿಡು ಬೇರೆ. ತೆಲುಗಿನ ‘ತಿನೇಯ್’, ಉರ್ದುವಿನ ‘ಖಾ ಡಾಲ್’ ಅದೇ ಕೆಲಸ ಮಾಡುತ್ತವೆ. ಇಂಗ್ಲಿಷ್ ಆ ಕೆಲಸವನ್ನು ಅಪ್ ಎಂಬ ಪದಕ್ಕೆ ಒಪ್ಪಿಸಿದೆ: ಈಟ್ ಅಪ್.

ಅಪ್ ಎಂದರೆ ಮೇಲೆ ಎಂದಷ್ಟೇ ಹಿಡಿದವರು ಇಲ್ಲಿ ಎಡವುತ್ತಾರೆ. ಸ್ಟ್ಯಾಂಡ್ ಅಪ್‌ನಲ್ಲಿ ಅದು ಮೇಲೆಯೇ. ಸ್ಪೀಡ್ ಅಪ್, ಗ್ರೋ ಅಪ್‌ಗಳಲ್ಲಿ ಏರುವುದು, ಬೆಳೆಯುವುದು. ಆದರೆ ಡ್ರೈ ಅಪ್, ಯೂಸ್ ಅಪ್, ಟೇರ್ ಅಪ್‌ಗಳಲ್ಲಿ ಏರಿಕೆ ಇಲ್ಲವೇ ಇಲ್ಲ. ಕೆಲಸ ಕೊನೆ ಮುಟ್ಟಿದೆ ಎಂಬುದು ಮಾತ್ರ ಉಳಿದಿದೆ. ಹಳ್ಳ ಬತ್ತಿಹೋಯಿತು, ಗೊಬ್ಬರ ಮುಗಿದುಹೋಯಿತು, ಕಾಗದ ಹರಿದುಹಾಕಿದ: ಹೋಗು, ಹಾಕು, ಬಿಡು ಎಲ್ಲಿ ಸಹಜವಾಗಿ ಬಂದು ಕೂಡುತ್ತವೋ ಅಲ್ಲಿ ಅಪ್‌ನ ಈ ಬಳಕೆಯನ್ನು ಹುಡುಕಬಹುದು. ಪ್ರತಿ ಸಲ ಸಿಗುತ್ತದೆಂದಲ್ಲ, ಆದರೆ ಹಿಡಿತಕ್ಕೆ ಇದಕ್ಕಿಂತ ಒಳ್ಳೆಯ ತುದಿ ಇಲ್ಲ.

ಆನ್ ಇನ್ನೂ ಸೊಗಸಾದದ್ದು. ರಾಯಚೂರು ಸೀಮೆಯಲ್ಲಿ ‘ಓದುತ್ತಿದ್ದಾನೆ’ ಎನ್ನುವುದಕ್ಕೆ ‘ಓದಾಕ ಹತ್ಯಾನ’ ಎನ್ನುತ್ತಾರೆ. ಹತ್ತು ಎಂದರೆ ತಗುಲು, ಅಂಟು. ಕೆಲಸಕ್ಕೆ ಅಂಟಿಕೊಂಡವನು ಅದನ್ನು ಮಾಡುತ್ತಲೇ ಇರುತ್ತಾನೆ. ಇಂಗ್ಲಿಷಿನ ಆನ್ ಕೂಡ ಒಂದಕ್ಕೊಂದು ತಗುಲಿರುವುದನ್ನು ಹೇಳುವ ಪದ. ಪುಟ್ ಆನ್‌ನಲ್ಲಿ ಬಟ್ಟೆ ಮೈಗೆ ಹತ್ತಿದರೆ, ರೀಡ್ ಆನ್, ಕ್ಯಾರಿ ಆನ್, ಗೋ ಆನ್‌ಗಳಲ್ಲಿ ಮನುಷ್ಯ ಕೆಲಸಕ್ಕೆ ಹತ್ತಿರುತ್ತಾನೆ. ಮನೆಯಲ್ಲಿ ಆಡುವ ಈ ಮಾತನ್ನು ತರಗತಿಯಲ್ಲಿ ತಿದ್ದಬೇಕಾದ ತಪ್ಪೆಂದು ಬದಿಗೆ ಸರಿಸದೆ, ಆನ್ ಕಲಿಸುವ ದಿನ ಕರಿಹಲಗೆಯ ಮೇಲೆ ಬರೆಯುವುದು ಯೋಗ್ಯ.

ಆಫ್ ಇದರ ಎದುರು: ತಗುಲಿದ್ದು ಬಿಡುತ್ತದೆ. ಟೇಕ್ ಆಫ್ ಎಂದರೆ ಕಳಚು, ಕಟ್ ಆಫ್ ಎಂದರೆ ಕಡಿದುಹಾಕು, ಕಾಲ್ ಆಫ್ ಎಂದರೆ ರದ್ದುಮಾಡು. ‘ಸ್ವಿಚ್ ಆಫ್ ಬರಕತ್ತದ’, ‘ಕಟಾಫ್ ಎಷ್ಟು ನಿಂತದ’ ಎನ್ನುವವರಿಗೆ ಈ ಗುಂಪು ಆಗಲೇ ಅರ್ಧ ಪರಿಚಿತ. ಗೋ ಆಫ್ ಮಾತ್ರ ಗೊಂದಲ ಎಬ್ಬಿಸುತ್ತದೆ: ಕರೆಂಟ್ ಗೋ ಆಫ್ ಆದರೆ ನಿಲ್ಲುತ್ತದೆ, ಅಲಾರಂ ಗೋ ಆಫ್ ಆದರೆ ಬಡಿದುಕೊಳ್ಳುತ್ತದೆ. ಔಟ್‌ನಲ್ಲಿ ಹೊರಬರುವುದು ಮತ್ತು ಬರಿದಾಗುವುದು ಎಂಬ ಎರಡು ದಾರಿ. ಫೈಂಡ್ ಔಟ್ ಮೊದಲನೆಯದು, ರನ್ ಔಟ್ ಎರಡನೆಯದು.

ಅರ್ಥದ ಜೊತೆಗೆ ಪದಗಳ ಜಾಗವನ್ನೂ ಕಲಿಯಬೇಕು. ಕನ್ನಡದಲ್ಲಿ ಮಾಡಿಬಿಡು ಒಡೆದರೆ ಮಾಡೇಬಿಡು ಎಂದು ಒತ್ತು ಕೊಡುವ ‘ಏ’ ಮಾತ್ರ ನುಸುಳುತ್ತದೆ. ಇಂಗ್ಲಿಷಿನಲ್ಲಿ ಕರ್ಮಪದವೇ ನಡುವೆ ಬರಬಹುದು. ಸ್ವಿಚ್ ಆಫ್ ದಿ ಫ್ಯಾನ್, ಸ್ವಿಚ್ ದಿ ಫ್ಯಾನ್ ಆಫ್ ಎರಡೂ ಸರಿ; ಆದರೆ ಇಟ್ ಬಂದರೆ ನಡುವೆಯೇ ಕೂರಬೇಕು, ಸ್ವಿಚ್ ಇಟ್ ಆಫ್. ಲುಕ್ ಆಫ್ಟರ್ ಇಟ್ ಎಂಬಲ್ಲಿ ಹಾಗಲ್ಲ, ಆಫ್ಟರ್ ಅಲ್ಲಿ ನಿಜವಾದ ಪ್ರಿಪೊಸಿಷನ್. ರನ್ ಅಪ್ ಎ ಹಿಲ್ ಎಂದರೆ ಗುಡ್ಡ ಏರಿ ಓಡುವುದು, ರನ್ ಅಪ್ ಎ ಬಿಲ್ ಎಂದರೆ ಬಾಕಿ ಬೆಳೆಸುವುದು. ನಡುವೆ ಇಟ್ ಇಟ್ಟು ನೋಡಿದರೆ ಎರಡನೆಯದು ಮಾತ್ರ ಒಪ್ಪುತ್ತದೆ.

ಗುಂಪಿಗೆ ಸಿಗದವೂ ಇವೆ. ಗಿವ್ ಅಪ್‌ನಲ್ಲಿ ಕೈಬಿಡುವುದು, ಪುಟ್ ಅಪ್ ವಿತ್‌ನಲ್ಲಿ ಸಹಿಸುವುದು ಯಾವ ಏರಿಕೆಯಿಂದಲೂ ಸುಲಭವಾಗಿ ಹೊರಡುವುದಿಲ್ಲ. ಸ್ಲೋ ಅಪ್, ಸ್ಲೋ ಡೌನ್ ಎರಡೂ ನಿಧಾನವಾಗುವುದೇ. ಇವನ್ನು ಎಳೆದುತಂದು ಗುಂಪಿಗೆ ಸೇರಿಸಬಾರದು. ನೋಟ್‌ಬುಕ್ಕಿನ ಕೊನೆಯಲ್ಲಿ ಬೇರೆ ಹಾಳೆಯಿಟ್ಟು, ಇಡೀ ವಾಕ್ಯದೊಂದಿಗೆ ಬರೆದು, ಹಾಗೆಯೇ ನೆನಪಿಟ್ಟುಕೊಳ್ಳಬೇಕು.