ಒಂದೇ ಗೇರಿನ ಸಂಸಾರ

ಹಳೆಯ ಪಂಚಾಂಗವನ್ನು ಮನೆಯಿಂದ ಹೊರಗೆ ಹಾಕುವುದು ಸುಲಭ. ಹಳೆಯ ಸೈಕಲ್ಲನ್ನು ಹಾಕುವುದು ಅಷ್ಟು ಸುಲಭವಲ್ಲ. ಪಂಚಾಂಗಕ್ಕೆ ತನ್ನ ವರ್ಷ ಮುಗಿಯಿತೆಂಬ ಅರಿವಾದರೂ ಉಂಟು. ಸೈಕಲ್ಲಿಗೆ ಅದಿಲ್ಲ. ಟೈರು ಹರಿದರೂ, ಚೈನು ತುಕ್ಕು ಹಿಡಿದರೂ, ಸೀಟು ಒಣಗಿ ಹಪ್ಪಳವಾದರೂ, ಅದರ ಉಕ್ಕಿನ ಒಡಲು ಗೋಡೆಗೆ ಒರಗಿ 'ನಾನಿನ್ನೂ ಇದ್ದೇನೆ' ಎನ್ನುತ್ತಿರುತ್ತದೆ. ಪರಊರಿಗೆ ಬಂದು ನೆಲೆಸಿದ ನಮ್ಮಂಥವರ ಮನೆಗಳಲ್ಲಿ ಇಂಥದೊಂದು ಸೈಕಲ್ಲು ಎಲ್ಲಿಯಾದರೂ ಇದ್ದೇ ಇರುತ್ತದೆ. ಮೊದಲು ಬಂದ ಹಿರಿಯರು ಇಲ್ಲಿ ಕೊಂಡ ಮೊದಲ ಆಸ್ತಿ ಅನೇಕ ಸಲ ಅದೇ ಅಲ್ಲವೆ?

ನಮ್ಮ ತಂದೆಯವರು ಆಗಿನ ಬಿಜಾಪುರ ಜಿಲ್ಲೆಯಿಂದ ಪುಣೆಗೆ ಬಂದು, ಖಡಕಿಯ ಕಾರ್ಖಾನೆಯೊಂದರಲ್ಲಿ ಕೆಲಸಕ್ಕೆ ಸೇರಿ, 1984ರಲ್ಲಿ ಒಂದು ಅಟ್ಲಾಸ್ ಸೈಕಲ್ಲು ಕೊಂಡರು. ಪುಣೆಗೆ ಆಗ ಸೈಕಲ್ಲುಗಳ ಊರೆಂದೇ ಹೆಸರು. ಅವರು ತೀರಿಕೊಂಡ ಮೇಲೆ ಸೈಕಲ್ಲು ನಮ್ಮ ಕಟ್ಟಡದ ಮೆಟ್ಟಿಲ ಕೆಳಗೆ ಒಂಬತ್ತು ವರ್ಷ ನಿಂತಿತ್ತು. ಕಳೆದ ವರ್ಷ ಸೊಸೈಟಿಯವರು, ಮೆಟ್ಟಿಲ ಕೆಳಗಿನ ಸಾಮಾನನ್ನೆಲ್ಲ ಹದಿನೈದು ದಿನದೊಳಗೆ ತೆಗೆಯತಕ್ಕದ್ದೆಂದು ನೋಟೀಸು ಅಂಟಿಸಿದರು. ನೋಟೀಸು ಬರೆಯುವುದೇ ನಮ್ಮ ಉದ್ಯೋಗವಾದ್ದರಿಂದ ಅದರ ಬೆಲೆ ನಮಗೆ ಗೊತ್ತು. ಹದಿನೈದು ದಿನವೆಂದರೆ ಒಂದು ತಿಂಗಳು. ಆದರೂ ಒಂದು ತಿಂಗಳಾದ ಮೇಲೆ ಏನು?

ಅದೇ ಹೊತ್ತಿಗೆ ಅಕ್ಕನ ಮಗ ಕಾಲೇಜಿಗೆಂದು ವಿಜಯಪುರದಿಂದ ಬಂದು ನಮ್ಮಲ್ಲಿ ಇಳಿದ. ಮನೆ ದಾಪೋಡಿಯಲ್ಲಿ, ಕಾಲೇಜು ಶಿವಾಜಿನಗರದಲ್ಲಿ. ಅವನಿಗೆ ಹೊಸ ಸೈಕಲ್ಲು ಕೊಡಿಸುವಷ್ಟು ಕೈ ಸಡಿಲ ನಮಗಿರಲಿಲ್ಲ. ಕೊಡಿಸಿದ್ದರೂ ತೆಗೆದುಕೊಳ್ಳುವ ಹುಡುಗನಲ್ಲ ಅವನು. ಎರಡನೆಯ ರೊಟ್ಟಿಗೇ 'ಸಾಕ್ರಿ ಮಾಮಿ' ಎಂದು ಎಲೆಯ ಮೇಲೆ ಕೈ ಅಡ್ಡ ಹಿಡಿಯುವ ಸಂಕೋಚದವನು. ಒಂದು ದಿನ ಮೆಟ್ಟಿಲ ಕೆಳಗೆ ಬಗ್ಗಿ ನೋಡಿ ಬಂದು, "ಮಾಮಾ, ಅಜ್ಜಾರ ಸೈಕಲ್ ನನಗ ಕೊಡ್ರಿ. ಬಿಚ್ಚಿ ಮತ್ತ ಕಟ್ಟಿಕೋತೀನಿ" ಎಂದ.

ಹೀಗೆ ನಾವು ಸೈಕಲ್ಲು ಕಟ್ಟುವವರಾದೆವು. ಇಲ್ಲಿ 'ನಾವು' ಎಂದದ್ದು ದೊಡ್ಡಸ್ತಿಕೆಗಲ್ಲ. ಕೆಲಸ ಮಾಡಿದವರು ಇಬ್ಬರು, ಬುದ್ಧಿ ಹೇಳಿದವರು ನಾಲ್ವರು. ಎಲ್ಲರನ್ನೂ ಸೇರಿಸಿಕೊಳ್ಳಲು ಬೇರೆ ಸರ್ವನಾಮವಿಲ್ಲ.

ಹಳೆಯ ಒಡಲಿನಿಂದ ಒಂದೇ ಗೇರಿನ ಸೈಕಲ್ಲು ಕಟ್ಟುವ ಹವ್ಯಾಸ ಈಗ ಅನೇಕ ದೇಶಗಳ ಯುವಕರಲ್ಲಿ ಉಂಟು. ಅವರು ಹಳೆಯ ಒಡಲನ್ನೇ ಹುಡುಕುವುದಕ್ಕೆ ಕಾರಣವಿದೆ. ಹಿಂದಿನ ಗಾಲಿಯ ಅಚ್ಚು ಕೂರುವ ಸೀಳು ಹಳೆಯ ಸೈಕಲ್ಲುಗಳಲ್ಲಿ ಅಡ್ಡಲಾಗಿರುತ್ತದೆ. ನಟ್ಟು ಸಡಿಲಿಸಿ ಗಾಲಿಯನ್ನು ಸ್ವಲ್ಪ ಹಿಂದಕ್ಕೆ ಎಳೆದರೆ ಚೈನು ಬಿಗಿಯಾಗುತ್ತದೆ. ಅನೇಕ ಗೇರುಗಳ ಈಗಿನ ಸೈಕಲ್ಲುಗಳಲ್ಲಿ ಆ ಸೀಳು ಹೆಚ್ಚಾಗಿ ನೆಟ್ಟಗೆ ಕೆಳಮುಖವಾಗಿರುವುದರಿಂದ ಈ ಸೌಕರ್ಯವಿಲ್ಲ. ಮೇಲಾಗಿ ಹಳೆಯದು ಉಕ್ಕು. ಬಾಗಿದರೆ ನೆಟ್ಟಗೆ ಮಾಡಬಹುದು, ಬಿರುಕು ಬಿಟ್ಟರೆ ಬೆಸೆಯಬಹುದು.

ಮೊದಲು ಒಡಲಿನ ಪರೀಕ್ಷೆ. ಇದಕ್ಕೆ ಬೇಕಾದ ಉಪಕರಣ ಒಂದು ದಾರ. ಹಿಂದಿನ ಗಾಲಿಯ ಒಂದು ಬದಿಯ ಸೀಳಿಗೆ ದಾರ ಕಟ್ಟಿ, ಮುಂದೆ ಹ್ಯಾಂಡಲ್ಲಿನ ಕೊಳವೆಯನ್ನು ಸುತ್ತಿಸಿ, ಇನ್ನೊಂದು ಬದಿಯ ಸೀಳಿಗೆ ಬಿಗಿಯಾಗಿ ತಂದು ಕಟ್ಟಬೇಕು. ಸೀಟಿನ ಕೊಳವೆಗೂ ದಾರಕ್ಕೂ ನಡುವಿನ ಅಂತರ ಎರಡೂ ಕಡೆ ಸಮನಾಗಿದ್ದರೆ ಒಡಲು ನೆಟ್ಟಗಿದೆಯೆಂದು ಅರ್ಥ. ನಮ್ಮದು ಕೂದಲೆಳೆಯಷ್ಟೂ ಸೊಟ್ಟಾಗಿರಲಿಲ್ಲ. "ಅವರು ನಡಸ್ತಿದ್ದದ್ದೂ ಹಂಗಽ ಇತ್ತು" ಎಂದರು ನಮ್ಮ ಅವ್ವ, ಬಾಗಿಲಲ್ಲಿ ನಿಂತು.

ಬಿಚ್ಚುವುದರಲ್ಲಿ ಎರಡು ವಾರ ಹೋಯಿತು. ಸೀಟಿನ ಕಂಬ ಒಳಗೇ ಅಂಟಿಕೊಂಡಿತ್ತು. ಸೀಮೆಎಣ್ಣೆ ಹನಿಸಿ ಮೂರು ದಿನ ಕಾದೆವು. ಪೆಡಲಿನ ಅಚ್ಚಿನ ಬಲಬದಿಯ ಬಟ್ಟಲು ಬಿಚ್ಚಲು ಎಲ್ಲ ತಿರುಪುಗಳಿಗೂ ವಿರುದ್ಧವಾಗಿ, ಗಡಿಯಾರದ ಮುಳ್ಳು ಹೋಗುವ ದಿಕ್ಕಿಗೇ ತಿರುಗಿಸಬೇಕು. ಎಡಗಡೆಯ ಪೆಡಲಿಗೂ ಅದೇ ನಿಯಮ. ಇದನ್ನು ತಿಳಿಯದವರು ಬಲ ಹಾಕಿದಷ್ಟೂ ಅದು ಬಿಗಿಯಾಗುತ್ತದೆ. ಸರ್ಕಾರಿ ಕಡತದ ಸ್ವಭಾವವೂ ಹೀಗೇ ಇರುವುದರಿಂದ ನಮಗೆ ಆಶ್ಚರ್ಯವಾಗಲಿಲ್ಲ. ಬಟ್ಟಲುಗಳೊಳಗೆ ಬದಿಗೆ ಹನ್ನೊಂದರಂತೆ ಕಾಲು ಇಂಚಿನ ಗುಂಡುಗಳು. ಹಳೆಯವು ಸವೆದಿದ್ದವು, ಹೊಸವನ್ನು ಗ್ರೀಸಿನಲ್ಲಿ ಕೂರಿಸಿದೆವು. ಸಿಗದ ಸಣ್ಣಪುಟ್ಟ ಸಾಮಾನಿಗೆ ಭಾನುವಾರದ ಜೂನಾ ಬಜಾರಿಗೆ ಹೋದೆವು. ರಿಮ್ಮಿನ ಬಾಗು ತೆಗೆಯುವ ಕೆಲಸವನ್ನು ಮಾತ್ರ ಬೀದಿಕೊನೆಯ ಮುದುಕ ಮಿಸ್ತ್ರಿಗೆ ಬಿಟ್ಟೆವು. ಮುಂದೆ ಮೂವತ್ತೆರಡು ಕಡ್ಡಿ, ಹಿಂದೆ ನಲವತ್ತು. ಒಂದೊಂದನ್ನೂ ಬೆರಳಿನಿಂದ ಮೀಟಿ, ನಾದ ಕೇಳಿ ಬಿಗಿಮಾಡುವ ಕಿವಿ ನಮಗಿಲ್ಲ.

ಹಲ್ಲುಗಳ ಲೆಕ್ಕವನ್ನು ನಾವೇ ಮಾಡಿದೆವು. ಮುಂದಿನ ಚಕ್ರಕ್ಕೆ ನಲವತ್ತನಾಲ್ಕು ಹಲ್ಲು, ಹಿಂದಿನ ಫ್ರೀವ್ಹೀಲಿಗೆ ಹದಿನೆಂಟು. ಒಂದು ಸುತ್ತು ತುಳಿದರೆ ಸೈಕಲ್ಲು ಸುಮಾರು ಐದೂವರೆ ಮೀಟರು ಹೋಗುತ್ತದೆ. ಹಿಂದೆ ಇಪ್ಪತ್ತು ಹಲ್ಲಿನದು ಹಾಕಿದರೆ ಸುಮಾರು ಐದು ಮೀಟರಿಗೆ ಸ್ವಲ್ಪ ಕಡಿಮೆ. ಓಟ ಕಡಿಮೆಯಾದರೂ ಏರಿನಲ್ಲಿ ಮೊಣಕಾಲಿಗೆ ಸುಖ. ದಿನಾಲು ಪುಸ್ತಕದ ಹೊರೆ ಹೊತ್ತು ಮುಳಾ ನದಿಯ ಹ್ಯಾರಿಸ್ ಸೇತುವೆ ದಾಟಬೇಕಾದ ಹುಡುಗನಿಗೆ ಇಪ್ಪತ್ತೇ ಇರಲೆಂದು ನಿಶ್ಚಯವಾಯಿತು. ಒಂದೇ ಗೇರಿನವರು ಇಂಥ ವಿಚಾರವನ್ನು ಮನೆಯಲ್ಲೇ ಮುಗಿಸಿಕೊಂಡು ಹೊರಡಬೇಕು, ನಡುದಾರಿಯಲ್ಲಿ ಬದಲಿಸಲಾಗದು.

ಏನು ಇಡುವುದು, ಏನು ತೆಗೆಯುವುದು ಎಂಬಲ್ಲಿ ಚರ್ಚೆ ಬಿಸಿಯಾಯಿತು. ಚೈನಿನ ಡಬ್ಬಿ, ದೊಡ್ಡ ಸ್ಟ್ಯಾಂಡು, ಕೆಟ್ಟ ಡೈನಮೊ ಹೋದವು. ಹುಡುಗನಿಗೆ ನೇರ ಹ್ಯಾಂಡಲ್ಲು ಬೇಕಿತ್ತು; ಆದರೆ ಹಳೆಯ ಸೈಕಲ್ಲಿನ ಬ್ರೇಕು ಹ್ಯಾಂಡಲ್ಲಿಗೆ ಕಟ್ಟಿದ ಕಂಬಿಗಳಿಂದಲೇ ನಡೆಯುತ್ತದೆ, ಅದನ್ನು ತೆಗೆದರೆ ಇದೂ ಹೋಗುತ್ತದೆ. ಆದ್ದರಿಂದ ಹಳೆಯ ಹ್ಯಾಂಡಲ್ಲೇ ಉಳಿಯಿತು. ಕ್ಯಾರಿಯರಿಗೆ ಪಾನಾ ಹಚ್ಚಿದಾಗ ಅವ್ವ ಬಂದು ಕೈ ಹಿಡಿದರು. "ನಿನ್ನ ಹೆರಿಗಿಗೆ ನಾ ಇದರ ಮ್ಯಾಲೆ ಕುಂತು ದವಾಖಾನಿಗೆ ಹೋಗೀನಿ. ಅದನ್ನ ತಗೀಬ್ಯಾಡ." ಪಾನಾ ಪೆಟ್ಟಿಗೆಗೆ ಹೋಯಿತು. ಬಣ್ಣ ಕಪ್ಪೇ ಆಯಿತು. ಭೂಗೋಳ ಹೊತ್ತ ಮನುಷ್ಯನ ಹಿತ್ತಾಳೆ ಬಿಲ್ಲೆಯನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ ಮರಳಿ ಹಚ್ಚಿದೆವು. 1951ರಲ್ಲಿ ಸೋನಿಪತದಲ್ಲಿ ಆರಂಭವಾದ ಆ ಕಂಪನಿ, 2020ರ ಜೂನ್ 3ರಂದು, ವಿಶ್ವ ಸೈಕಲ್ ದಿನದಂದೇ, ತನ್ನ ಸಾಹಿಬಾಬಾದ್ ಕಾರ್ಖಾನೆಯ ಕೆಲಸ ನಿಲ್ಲಿಸಿತು. ಮಾಡಿದ ಕೈ ನಿಂತರೂ ಮಾಡಿದ ವಸ್ತು ನಡೆಯಬಹುದೆಂಬ ಮಾತು ನಮ್ಮ ಮನೆಗೆ ಬೇರೆ ಅರ್ಥದಲ್ಲಿಯೂ ಹೊಂದುತ್ತಿತ್ತು.

ನಿಜವಾದ ಜಗಳ ಬಂದದ್ದು ಕೊನೆಗೆ. ವಿಜಯಪುರ, ಬಾಗಲಕೋಟೆಯ ಕಡೆ ಸೈಕಲ್ ಪಂದ್ಯದ ಹುಚ್ಚು ಬಹಳ. ಆ ಭಾಗದ ಮಕ್ಕಳು ರಾಷ್ಟ್ರಮಟ್ಟದಲ್ಲಿ ಹೆಸರು ಮಾಡಿದ್ದಾರೆ. ವರ್ತುಲ ಪಥದ ಪಂದ್ಯದ ಸೈಕಲ್ಲಿಗೆ ಫ್ರೀವ್ಹೀಲೂ ಇಲ್ಲ, ಬ್ರೇಕೂ ಇಲ್ಲ. ಗಾಲಿ ತಿರುಗುವತನಕ ಪೆಡಲೂ ತಿರುಗುತ್ತಲೇ ಇರುತ್ತದೆ. ನಿಧಾನಿಸಬೇಕಾದರೆ ಕಾಲಿನಿಂದಲೇ ಹಿಂದಕ್ಕೆ ಒತ್ತಬೇಕು. ಜಪಾನಿನಲ್ಲಿ 1948ರಿಂದ ನಡೆದುಬಂದಿರುವ ಕೇರಿನ್ ಪಂದ್ಯಗಳೂ ಇಂಥ ಸೈಕಲ್ಲಿನವೇ. ನಮ್ಮ ಹುಡುಗನ ಆಸೆ ಅದು. ಮಿಸ್ತ್ರಿಯೂ, "ಫ್ರೀವ್ಹೀಲಿಗೆ ಬೆಸುಗೆ ಹಾಕಿ ಕೊಡುತ್ತೇನೆ, ಐದು ನಿಮಿಷದ ಕೆಲಸ" ಎಂದುಬಿಟ್ಟ.

ನಾವು ಶಾಸ್ತ್ರ ಹೇಳಿದೆವು. ಅಂಥ ಸೈಕಲ್ಲಿನ ಹಬ್ಬಿಗೆ ಎರಡು ಬಗೆಯ ತಿರುಪು ಇರುತ್ತದೆ: ಹಲ್ಲುಗಾಲಿಗೆ ಒಂದು, ಅದು ಕಳಚದಂತೆ ಹಿಡಿಯುವ ಬಳೆಗೆ ಅದರ ವಿರುದ್ಧದ ಇನ್ನೊಂದು. ಅಜ್ಜನ ಹಬ್ಬಿಗೆ ಇರುವುದು ಒಂದೇ. ಕಾಲಿನಿಂದ ಹಿಂದಕ್ಕೆ ಒತ್ತಿದರೆ ಅದು ಬಿಚ್ಚಿಕೊಂಡೀತು; ಚೈನು ಹರಿದರಂತೂ ನಿಲ್ಲಿಸಲು ಏನೂ ಇಲ್ಲ. ಪಂದ್ಯದ ಪಥದಲ್ಲಿ ಎದುರಿನಿಂದ ಲಾರಿ ಬರುವುದಿಲ್ಲ. ಹಳೆಯ ಮುಂಬೈ–ಪುಣೆ ರಸ್ತೆಯಲ್ಲಿ ಬರುತ್ತದೆ. ಹುಡುಗ ಎದುರಾಡಲಿಲ್ಲ, ಆದರೆ ಮುಖ ಬಾಡಿತು. ಪರರ ಮನೆಯಲ್ಲಿದ್ದೇನೆ, ಆಸೆಪಡಬಾರದು ಎಂದುಕೊಂಡ ಮುಖ ಅದು. ಅಕ್ಕ ನಂಬಿ ಕಳಿಸಿದ ಕೂಸು. ಆಣೆ ಮಾಡಿ ಬೇಡವೆನ್ನುವುದು ಸುಲಭ, ಆ ಮುಖ ನೋಡುವುದು ಕಷ್ಟ. ನಮ್ಮ ಮನೆಯವರು ಅಂದು ಅವನಿಗೆ ಕೇಳದೆಯೇ ಮೂರನೆಯ ರೊಟ್ಟಿ ಹಾಕಿದರು, ಅವನು ತಿನ್ನಲಿಲ್ಲ.

ರಾತ್ರಿ ಅವ್ವ ಅವನನ್ನು ಹತ್ತಿರ ಕರೆದರು. "ನಿಮ್ಮ ಅಜ್ಜಾ ಎಂಟು ತಾಸು ಮಷೀನಿನ ಮುಂದ ನಿಂತು ಬರ್ತಿದ್ರು. ಮನ್ಯಾಗ ನಾಕು ಮಕ್ಕಳ ಗದ್ದಲ. ಸೇತುವಿ ಇಳಿವಾಗ ತುಳಿಯೂದು ಬಿಟ್ಟು ಸುಮ್ಮನ ಕುಂದರತಿದ್ರು. 'ಇಡೀ ದಿವಸದಾಗ ನಂದು ಅಂತ ಇರೂ ಹೊತ್ತು ಇದೊಂದಽ' ಅಂತಿದ್ರು. ಅದನ್ನ ಬೆಸುಗಿ ಹಾಕಿ ಮುಚ್ಚಬ್ಯಾಡ ತಮ್ಮಾ."

ತಂದೆಯವರು ಹೀಗೆ ಅನ್ನುತ್ತಿದ್ದರೆಂಬುದು ನಮಗೂ ಅಂದೇ ತಿಳಿದದ್ದು. ಆ ಕ್ಯಾರಿಯರಿನ ಮೇಲೆ ಕುಳಿತು ಸೇತುವೆಯನ್ನು ನಾವೂ ಎಷ್ಟೋ ಸಲ ಇಳಿದಿದ್ದೇವೆ. ಗಾಳಿ ಹೊಡೆಯುತ್ತದೆಂಬುದಷ್ಟೇ ಆಗ ನಮಗೆ ಗೊತ್ತಿತ್ತು. ಮರುದಿನ ಬೆಳಿಗ್ಗೆ ಹುಡುಗ ತಾನಾಗಿಯೇ ಇಪ್ಪತ್ತು ಹಲ್ಲಿನ ಫ್ರೀವ್ಹೀಲು ಕೂರಿಸಿ, ಅರ್ಧ ಇಂಚು ಸಡಿಲ ಬಿಟ್ಟು ಚೈನು ಬಿಗಿದು, ಎರಡೂ ಬ್ರೇಕಿಗೆ ಹೊಸ ರಬ್ಬರು ಹಾಕಿದ. ಬಣ್ಣ, ಟೈರು, ಚೈನು ಎಲ್ಲ ಸೇರಿ ಹೊಸ ಸಾದಾ ಸೈಕಲ್ಲಿನ ಅರ್ಧ ಬೆಲೆಯೂ ಆಗಲಿಲ್ಲ. ಅದರಲ್ಲಿ ಮುನ್ನೂರು ರೂಪಾಯಿ ತನ್ನದೆಂದು ಹಟಮಾಡಿ ಅವನೇ ಕೊಟ್ಟ, ನಾವು ತೆಗೆದುಕೊಂಡೆವು. ಅಂದಿನಿಂದ ಮೂರನೆಯ ರೊಟ್ಟಿಗೆ ಅಡ್ಡಿಯಿಲ್ಲ.

ನಿಮ್ಮ ಮೆಟ್ಟಿಲ ಕೆಳಗೂ ಅಂಥದೊಂದು ಒಡಲು ನಿಂತಿದ್ದರೆ, ಗುಜರಿಯವನನ್ನು ಕರೆಯುವ ಮೊದಲು ಒಂದು ದಾರ ಹಿಡಿದು ಅಳೆದು ನೋಡಿ. ಅಳೆಯುವಾಗ ಮನೆಯ ಹಿರಿಯರನ್ನು ಹತ್ತಿರ ಕೂರಿಸಿಕೊಳ್ಳಿ. ಅವರು ಹೇಳುವುದು ಯಾವ ಮಿಸ್ತ್ರಿಗೂ ತಿಳಿದಿರುವುದಿಲ್ಲ.