ಕಾರ್ತೇಜಿನ ತಾಯಂದಿರು ಮತ್ತು ಪ್ಲುಟಾರ್ಕನ ತಮಟೆ

ಸೋತ ಊರಿನ ಹೆಂಗಸರ ವಿಷಯ ಗೆದ್ದವರ ಕಡೆಯ ಗಂಡಸರ ಬಾಯಿಗೆ ಸಿಕ್ಕರೆ ತಡೆಯುವವರು ಯಾರು? ರೋಮನರು ಉತ್ತರ ಆಫ್ರಿಕದ ಕಾರ್ತೇಜನ್ನು ಸುಟ್ಟದ್ದು ಕ್ರಿ.ಪೂ. 146ರಲ್ಲಿ. ಗ್ರೀಕ್ ಲೇಖಕ ಪ್ಲುಟಾರ್ಕ್ ಹುಟ್ಟುವಷ್ಟರಲ್ಲಿ ಹೆಚ್ಚುಕಡಿಮೆ ಇನ್ನೂರು ವರ್ಷ ಸಂದಿತ್ತು. ಆದರೂ ಪುಣ್ಯಾತ್ಮ ಪಕ್ಕದಲ್ಲೇ ನಿಂತು ಕಂಡವನ ಹಾಗೆ ಬರೆಯುತ್ತಾನೆ: ಮಕ್ಕಳಿಲ್ಲದವರು ಬಡವರ ಕೂಸುಗಳನ್ನು ಕೊಂಡು ತಂದು ಬಲಿ ಕೊಡುತ್ತಿದ್ದರಂತೆ. ಹೆತ್ತವಳು ಎದುರಿಗೇ ನಿಲ್ಲಬೇಕು. ಒಂದು ಹನಿ ಕಣ್ಣೀರು ಬಿತ್ತೋ, ದುಡ್ಡು ಹೋಯಿತು, ಕೂಸೂ ಉಳಿಯಲಿಲ್ಲ. ಅಳುವಿನ ಸದ್ದು ಜನರ ಕಿವಿಗೆ ಬೀಳದಿರಲೆಂದು ಕೊಳಲು, ತಮಟೆ ಬೇರೆ. ಅಲ್ಲಯ್ಯಾ, ಅಳಲೇ ಕೂಡದು ಅಂದ ಮೇಲೆ ತಮಟೆ ಯಾಕೆ?

ರೋಮಿನ ವಲೇರಿಯಸ್ ಮ್ಯಾಕ್ಸಿಮಸ್ ಇನ್ನೊಂದು ಹೆಜ್ಜೆ ಮುಂದೆ. ಕಾರ್ತೇಜ್ ಸೀಮೆಯ ಸಿಕ್ಕಾ ಊರಿನ ವೀನಸ್ ಗುಡಿಗೆ ಸೇರಿದ ಹೆಂಗಸರು ಮೈ ಮಾರಿ ತಮ್ಮ ಮದುವೆಗೆ ವರದಕ್ಷಿಣೆ ಕೂಡಿಸುತ್ತಿದ್ದರೆಂದು ಆತನ ವರದಿ. ದೇವರ ಹೆಸರಿನ ಇಂಥ ಸೂಳೆಗಾರಿಕೆ ಪ್ರಾಚೀನ ಜಗತ್ತಿನಲ್ಲಿ ಇರಲೇ ಇಲ್ಲ ಎಂದು ಸ್ಟೆಫನಿ ಬುಡಿನ್ 2008ರಲ್ಲಿ ಇಡೀ ಪುಸ್ತಕವನ್ನೇ ಬರೆದು ವಾದಿಸಿದರು. ನಾನು ಆಕೆಯ ಕಡೆ. ಪರರ ಊರಿನ ಶೀಲದ ಸುದ್ದಿ ಜಗಲಿಕಟ್ಟೆಯ ಮಾತಿನಂತೆ, ದಾಟಿಸಿದವರ ಕೈಯಲ್ಲೆಲ್ಲ ಬೆಳೆಯುತ್ತದೆ.

ಬಲಿಯ ಮಾತನ್ನು ಮಾತ್ರ ಹೀಗೆ ನಕ್ಕು ತಳ್ಳಿಹಾಕುವಂತಿಲ್ಲ. 1921ರಲ್ಲಿ ಹಳೆಯ ಕಾರ್ತೇಜಿನ ನೆಲದಲ್ಲೇ, ಟ್ಯೂನಿಸ್ ಬಳಿಯ ಸಲಾಂಬೋದಲ್ಲಿ (ಫ್ಲೋಬೇರನ ಕಾದಂಬರಿಯ ನಾಯಕಿ ಒಂದು ಬಡಾವಣೆಗೇ ಹೆಸರಾಗಿಬಿಟ್ಟಿದ್ದಾಳೆ!) ಮಣ್ಣಿನ ಗಡಿಗೆಗಳು ಸಿಕ್ಕವು. ಒಳಗೆ ಹಸುಗೂಸುಗಳ ಸುಟ್ಟ ಎಲುಬು. ಕೆಲವುಗಳಲ್ಲಿ ಕುರಿಮರಿಗಳದ್ದೂ ಇತ್ತು. ಜೆಫ್ರಿ ಶ್ವಾರ್ಟ್ಸ್ ತಂಡ 2010ರಲ್ಲಿ 348 ಗಡಿಗೆಗಳನ್ನು ಪರೀಕ್ಷಿಸಿ, ಹೆಚ್ಚಿನವು ಹುಟ್ಟುವ ಮೊದಲೋ ಹುಟ್ಟಿದೊಡನೆಯೋ ತಾವಾಗಿ ತೀರಿಕೊಂಡ ಕೂಸುಗಳು ಎಂದಿತು. ಮರುವರ್ಷವೇ ಪೆಟ್ರಿಷಿಯಾ ಸ್ಮಿತ್ ಮತ್ತು ಸಂಗಡಿಗರು, ಇಲ್ಲ, ಬಹುಪಾಲು ಒಂದೆರಡು ತಿಂಗಳು ಬದುಕಿದ ಕೂಸುಗಳು, ಇದು ಬಲಿಯೇ ಎಂದರು. ಜಗಳ ಇನ್ನೂ ಹರಿದಿಲ್ಲ.

ನನಗೆ ಎಲುಬಿಗಿಂತ ಗಡಿಗೆಗಳ ಜೊತೆ ನೆಟ್ಟ ಕಲ್ಲುಗಳೇ ಹೆಚ್ಚು ಕಾಡುತ್ತವೆ. ಅವುಗಳ ಮೇಲೆ ದೇವಿ ತಾನಿತ್ ಹೆಸರು ಮೊದಲು, ದೇವ ಬಾಲ್ ಹಮ್ಮೋನನದು ಆಮೇಲೆ. ಕೆಳಗೆ ಇಂಥವರ ಮಗ ಇಂಥವನು ಹರಕೆ ಹೊತ್ತಿದ್ದ, ದೇವರು ಆತನ ದನಿ ಕೇಳಿದರು ಎಂಬ ಒಕ್ಕಣೆ. ಇದು ಕೃತಜ್ಞತೆಯ ಮಾತು. ತೀರಿಕೊಂಡ ಕೂಸಿನ ಗೋರಿಯ ಮೇಲೆ ಯಾರಾದರೂ ಹೀಗೆ ಬರೆಸುತ್ತಾರೆಯೇ? ಹರಕೆ ಹೊತ್ತವರಲ್ಲಿ ಗಂಡಸರೇ ಹೆಚ್ಚು ನಿಜ, ಆದರೆ ತಮ್ಮ ಹೆಸರಿನಲ್ಲೇ ಕಲ್ಲು ನೆಡಿಸಿದ ಹೆಂಗಸರೂ ಇದ್ದಾರೆ. ಇತರ ಶಾಸನಗಳಲ್ಲಿ ಪೂಜಾರಿಣಿಯರು, ಅವರ ಮುಖ್ಯಸ್ಥೆಯರು ಸಿಗುತ್ತಾರೆ. ಪ್ಲುಟಾರ್ಕನ ತಾಯಿ ದುಡ್ಡಿಗಾಗಿ ಬಾಯಿ ಬಿಗಿಹಿಡಿದು ನಿಂತವಳು. ಕಲ್ಲಿನ ಮೇಲಿನವಳು ತಾನೇ ಹರಕೆ ಹೊತ್ತು, ತಾನೇ ತೀರಿಸಿದವಳು. ಅದು ಸಮಾಧಾನದ ಸುದ್ದಿ ಎಂದು ನಾನೇನೂ ಹೇಳುತ್ತಿಲ್ಲ. ಆದರೆ ಕಣ್ಣೀರಿಗೆ ದಂಡ ಹಾಕುವ ಕಟ್ಟಳೆ ಮಾತ್ರ ಆ ಕಲ್ಲುಗಳಲ್ಲಿ ಒಂದರ ಮೇಲೂ ಇಲ್ಲ.