ಅಪ್ಪು, ಉದ್ರಿ ಮತ್ತು ಒಂದು ಸಹಿ



ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು ಆಡುತ್ತ ಬೆಳೆದ ನಿಮಗೆ ‘ಅಪ್ಪು’ ಎಂಬ ಪದದ ತಮಾಷೆ ಗೊತ್ತೇ ಇದೆ. ನಮ್ಮಲ್ಲಿ ಮುದ್ದಿನ ಹೆಸರು, ಇಲ್ಲಿ ಸಾಲ. ಚಿಕ್ಕಂದಿನಲ್ಲಿ ಅಜ್ಜಿ ನನ್ನನ್ನು ‘ಅಪ್ಪೂ’ ಎಂದು ಕೂಗಿದರೆ ಪಕ್ಕದ ಮನೆಯವರು ನಗುತ್ತಿದ್ದರು.

ಉಡುಪಿ ಕಡೆಯಿಂದ ಬಂದು ವಿಜಯವಾಡದಲ್ಲಿ ಹೋಟೆಲು ನಡೆಸಿದ ನನ್ನ ತಂದೆಯವರಿಗೆ ಬ್ಯಾಂಕಿನ ಸಾಲವೆಂದರೆ ಹೆದರಿಕೆ. ಆದರೆ ಒನ್‌ಟೌನಿನ ಅಕ್ಕಿ ಅಂಗಡಿಯಲ್ಲಿ ಅವರಿಗೆ ಎಷ್ಟು ಬೇಕಾದರೂ ಉದ್ರಿ ಸಿಗುತ್ತಿತ್ತು. ವ್ಯಾಪಾರ ಆಗಲಿ ಬಿಡಲಿ, ತಿಂಗಳ ಐದನೇ ತಾರೀಕು ಲೆಕ್ಕ ಚುಕ್ತಾ. ಒಂದು ಮಳೆಗಾಲ ಅಮ್ಮನ ಬಳೆ ಅಡವಿಟ್ಟು ಕೊಟ್ಟದ್ದೂ ಉಂಟು. ಊರಿನಿಂದಲೇ ತಂದ ಅಭ್ಯಾಸವಿರಬೇಕು. ಉಡುಪಿಯಲ್ಲಿ 1925ರಲ್ಲಿ ಹುಟ್ಟಿ, 2020ರಲ್ಲಿ ಕೆನರಾ ಬ್ಯಾಂಕಿನೊಳಗೆ ಸೇರಿಹೋದ ಸಿಂಡಿಕೇಟ್ ಬ್ಯಾಂಕು 1928ರಿಂದಲೇ ಮನೆಬಾಗಿಲಿಗೆ ಬಂದು ಎರಡೆರಡಾಣೆ ಪಿಗ್ಮಿ ಕಟ್ಟಿಸಿಕೊಳ್ಳುತ್ತಿತ್ತು. ಮೊತ್ತ ಸಣ್ಣದು, ಆದರೆ ದಿನ ತಪ್ಪುವಂತಿಲ್ಲ.

ಕೆಲಸ ಸಿಕ್ಕಿ ನಾನು ವಿಶಾಖಪಟ್ಟಣಕ್ಕೆ ಬಂದಾಗ ತಂದೆಯವರ ಆ ಹೆಸರು ನನ್ನ ಜೊತೆ ಬರಲಿಲ್ಲ. ಈಗ ಅಕ್ಕಿ ಅಂಗಡಿಯ ಖಾತೆಪುಸ್ತಕದ ಜಾಗದಲ್ಲಿ ಸಿಬಿಲ್‌ನಂಥ ನಾಲ್ಕು ಸಂಸ್ಥೆಗಳಿವೆ. 300ರಿಂದ 900ರವರೆಗೆ ಅಂಕ ಕೊಡುತ್ತವೆ. ಸಾಲವನ್ನೇ ಮಾಡದವನಿಗೆ ಪೂರ್ತಿ ಅಂಕ ಎಂದು ನಾನು ತಿಳಿದಿದ್ದೆ. ಅವನಿಗೆ ಅಂಕವೇ ಇರುವುದಿಲ್ಲ!

ನನಗಾದದ್ದು ಬೇರೆ. ನಮ್ಮ ಕೂಟದ ಗೆಳೆಯನೊಬ್ಬ ಬೈಕಿನ ಸಾಲಕ್ಕೆ ಜಾಮೀನು ಕೇಳಿದ. ‘ನಮ್ಮವನೇ’ ಎಂದುಕೊಂಡು ಕಾಗದ ಓದದೆ ಸಹಿ ಹಾಕಿದೆ. ಅವನು ಕೆಲಸ ಬಿಟ್ಟು ಬೇರೆ ಊರಿಗೆ ಹೋದ. ನಾನು ಮನೆ ಕಟ್ಟಲು ಸಾಲ ಕೇಳಿದಾಗ ಅಧಿಕಾರಿ ಕಂಪ್ಯೂಟರಿನ ಪರದೆ ನನ್ನ ಕಡೆ ತಿರುಗಿಸಿದರು. ಅವನು ತಪ್ಪಿಸಿದ ಏಳು ಕಂತುಗಳು ನನ್ನ ಹೆಸರಿನ ಕೆಳಗಿದ್ದವು. ಉಳಿದದ್ದನ್ನು ನಾನೇ ಕಟ್ಟಿದೆ. ಆದರೂ ಹಳೆಯ ದಾಖಲೆ ಕೂಡಲೇ ಅಳಿಯುವುದಿಲ್ಲವಲ್ಲ. ಮನೆ ಮೂರು ವರ್ಷ ತಡವಾಯಿತು. ಅಷ್ಟರಲ್ಲಿ ಅಮ್ಮ ಹೋಗಿಬಿಟ್ಟಿದ್ದರು.

ನಿಮ್ಮ ಮೊದಲ ಸಂಬಳ ಬಂದೊಡನೆ ಕಾರ್ಡು ಕೊಡುವವರ ಫೋನುಗಳೂ ಬರುತ್ತವೆ. ಬೇಡವೆನ್ನಬೇಕಾಗಿಲ್ಲ, ಒಂದೇ ಒಂದು ಇಟ್ಟುಕೊಳ್ಳಿ. ಯಾರೂ ಕೊಡದಿದ್ದರೆ ಠೇವಣಿಯ ಆಧಾರದ ಮೇಲೆ ಕೊಡುವ ಬ್ಯಾಂಕುಗಳಿವೆ. ಮಿತಿಯ ಮೂರನೇ ಒಂದು ಭಾಗದೊಳಗೆ ಖರ್ಚು ಮಾಡಿ, ಬಿಲ್ಲನ್ನು ಪೂರ್ತಿ ಕಟ್ಟಿ. ಅಲ್ಲಿ ‘ಕನಿಷ್ಠ ಬಾಕಿ’ ಎಂಬ ಸಣ್ಣ ಮೊತ್ತವೊಂದು ನಿಮ್ಮನ್ನು ನೋಡಿ ನಗುತ್ತಿರುತ್ತದೆ. ಅಷ್ಟೇ ಕಟ್ಟಿದರೆ ಉಳಿದದ್ದಕ್ಕೆ ಬಡ್ಡಿ ಓಡುತ್ತದೆ. ವರ್ಷಕ್ಕೊಮ್ಮೆ ಈ ಸಂಸ್ಥೆಗಳು ನಿಮ್ಮ ವರದಿಯನ್ನು ಪುಕ್ಕಟೆ ಕೊಡಲೇಬೇಕು, ರಿಸರ್ವ್ ಬ್ಯಾಂಕಿನ ನಿಯಮವಿದೆ. ತರಿಸಿ ಓದಿ. ತಪ್ಪಿದ್ದರೆ ದೂರು ಕೊಡಿ. 30 ದಿನದಲ್ಲಿ ಇತ್ಯರ್ಥವಾಗದಿದ್ದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ನಿಮಗೆ ಸಲ್ಲಬೇಕು.

ಇವೆಲ್ಲ ಸುಲಭ. ಕಷ್ಟವಾದದ್ದು, ಚಿಕ್ಕಪ್ಪನ ಮಗನೋ ಕೂಟದ ಸ್ನೇಹಿತನೋ ಜಾಮೀನು ಕಾಗದ ಹಿಡಿದು ಬಂದಾಗ ಕಾಫಿ ಕೊಟ್ಟು ‘ಆಗೋದಿಲ್ಲಪ್ಪ’ ಎನ್ನುವುದು. ಅವನ ಕಂತು ನಿಂತರೆ ನೀವು ಕಟ್ಟಬಲ್ಲಿರಾದರೆ ಮಾತ್ರ ಸಹಿ ಹಾಕಿ.

ಕಳೆದ ಯುಗಾದಿಯ ಕೂಟಕ್ಕೆ ಅವನೂ ಬಂದಿದ್ದ. ಪಂಕ್ತಿಯಲ್ಲಿ ಅವನೇ ಹೋಳಿಗೆ ಬಡಿಸುತ್ತಿದ್ದ. ನನ್ನ ಎಲೆಗೆ ಎರಡು ಹಾಕಿ, ತುಪ್ಪ ಜಾಸ್ತಿಯೇ ಸುರಿದ. ನಾನೂ ಸಾಕು ಅನ್ನಲಿಲ್ಲ.